ಕಂಪ್ಯೂಟರ್ ಹಿಡಿದ ಖಾತೆ

ಕೂರಿಸಿದ ದೇಹ ಎಡಕ್ಕೆ ವಾಲುತ್ತಿತ್ತು. ಮಹದೇವಮ್ಮ ಗಂಡನ ಭುಜಕ್ಕೆ ದಿಂಬು ಒತ್ತಿ ನೇರ ಮಾಡಿದರು. ತಲೆಯಲ್ಲಿ ಒಂದೇ ಪ್ರಶ್ನೆ: ಬ್ಯಾಂಕಿನಲ್ಲಿದ್ದ ಆ ದುಡ್ಡು ಯಾರದು? ಕೇಳೋಣವೆಂದರೆ ನಲವತ್ತು ವರ್ಷ ದೇವರಾಜ ಮೊಹಲ್ಲಾದಲ್ಲಿ ಊದುಬತ್ತಿ ಮಾರಿದ ಚನ್ನಬಸವಯ್ಯನವರು ಬೆಳಿಗ್ಗೆ ಹೇಳದೆ ಕೇಳದೆ ಕಣ್ಣು ಮುಚ್ಚಿಬಿಟ್ಟಿದ್ದರು.

ಬಾಗಿಲ ಬಳಿ ನೆಂಟರ ಪಿಸುಮಾತು.

“ಬ್ಯಾಂಕಿನೋರು ಖಾತೆ ತಡೆದವ್ರಂತೆ ಕಣ್ರೀ. ಕಳ್ಳಹಣವಂತೆ.”

“ಸುಮ್ನಿರಿ, ಊದುಬತ್ತಿ ಅಂಗಡೀಲಿ ಎಂಥಾ ಕಳ್ಳಹಣ!”

*

ಹದಿನೈದು ದಿನದ ಹಿಂದೆ ಬ್ಯಾಂಕಿನ ಚಂದ್ರಮೌಳಿ ಮನೆಗೇ ಬಂದಿದ್ದರು. ಕಳ್ಳಹಣ ಪತ್ತೆಗೆಂದು ಆ ವರ್ಷ, 2006ರಲ್ಲಿ, ಬ್ಯಾಂಕಿಗೆ ಹೊಸ ಕಂಪ್ಯೂಟರ್ ವ್ಯವಸ್ಥೆ ಬಂದಿತ್ತು.

“ಒಂದೇ ದಿನ ಹತ್ತತ್ತು ಚಲನ್, ಎಲ್ಲಾ ಚಿಲ್ಲರೆ ಮೊತ್ತ. ಪ್ರತಿ ಗೌರಿಹಬ್ಬದ ಮುಂಚೆ ಒಟ್ಟಿಗೆ ತೆಗೆದಿದೀರಿ. ಕಂಪ್ಯೂಟರ್ ಅನುಮಾನ ಪಡ್ತಿದೆ ಸ್ವಾಮಿ. ಬೇರೆಯವರ ದುಡ್ಡಾ?”

“ನಂದೇ,” ಎಂದಿದ್ದರು ಚನ್ನಬಸವಯ್ಯ, ಕತ್ತೆತ್ತದೆ.

ಚಂದ್ರಮೌಳಿ ಹೋದ ಮೇಲೆ ಮಹದೇವಮ್ಮ ಕೇಳಿದ್ದರು, “ಇನ್ನೊಂದು ಸಂಸಾರ ಏನಾದ್ರೂ ಇದೆಯೇನ್ರೀ?” ಗಂಡ ನಕ್ಕುಬಿಟ್ಟರು. ಆ ನಗು ಹೊಟ್ಟೆ ಉರಿಸಿತು. ಅಂದಿನಿಂದ ಮಹದೇವಮ್ಮ ಗಂಡನ ಜೊತೆ ಮಾತು ಬಿಟ್ಟವರು ಮತ್ತೆ ಆಡಿರಲಿಲ್ಲ.

*

ಹೂ ಮಾರುವ ಬೆಟ್ಟಮ್ಮ ಬುಟ್ಟಿ ಹೊತ್ತು ಬಂದಳು. ಹಿಂದೆ ಗಂಡ, ಅವನ ಜೊತೆಗೆ ಸಾರಾಯಿ ವಾಸನೆ. ಸಮಾಧಾನ ಹೇಳುವವಳಂತೆ ಬಗ್ಗಿ ಮಹದೇವಮ್ಮನ ಕಿವಿಯಲ್ಲಿ ಅಂದಳು:

“ಆ ದುಡ್ಡು ನಮ್ದು ಕಣವ್ವ. ಹೂ ಮಾರೋ ಹತ್ತು ಹೆಂಗಸ್ರುದು. ಗಂಡಸ್ರಿಗೆ ಗೊತ್ತಾದ್ರೆ ಕುಡ್ದು ಮುಗಿಸ್ಬುಡ್ತಾರೆ. ನಮ್ಮ ಹೆಸ್ರು ಎತ್ಬೇಡಿ ಅಂತ ಅಯ್ನೋರ ಕೈಲಿ ಮಾತು ಈಸ್ಕೊಂಡಿದ್ವಿ. ಒಬ್ಬೊಬ್ಬರಿಗೂ ಅವರವರ ರಸೀದಿ ಇರ್ಲಿ ಅಂತ ಬಿಡಿಬಿಡಿಯಾಗಿ ಕಟ್ತಿದ್ರು.”

ಮಹದೇವಮ್ಮನಿಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬಂದವು. ಹೆಂಡತಿಗಾದರೂ ಹೇಳಬಾರದಿತ್ತೇ?

ಅಷ್ಟರಲ್ಲಿ ಚಂದ್ರಮೌಳಿ ಒಳಗೆ ಬಂದು, ಕೈಮುಗಿದು, ತಡವರಿಸಿದರು. “ಇವತ್ತು ಕೇಳಬಾರದು, ಅಮ್ಮ. ನಾಳೆ ರಿಪೋರ್ಟ್ ಕಳಿಸ್ಬೇಕು. ಅದು ಯಾರ ದುಡ್ಡು ಅಂತ ಯಜಮಾನ್ರು ಏನಾದ್ರೂ ಹೇಳಿದ್ರಾ?”

ನೆಂಟರೆಲ್ಲ ಇತ್ತ ತಿರುಗಿದರು. ಬೆಟ್ಟಮ್ಮನ ಗಂಡನೂ ಕತ್ತು ಉದ್ದ ಮಾಡಿದ. ಒಂದು ಮಾತು ಆಡಿದರೆ ಸಾಕು, ಇಷ್ಟು ಜನರೆದುರು ಗಂಡನ ಹೆಸರಿಗಂಟಿದ ಕಳಂಕ ತೊಳೆದುಹೋಗುತ್ತಿತ್ತು.

“ಅವರದೇ,” ಎಂದರು ಮಹದೇವಮ್ಮ. “ಈಗ ನಂದು. ಏನು ಕೇಳ್ಬೇಕೋ ನನ್ನ ಕೇಳಿ.”

ಸರಿ ಮಾಡಿದೆನೋ ತಪ್ಪು ಮಾಡಿದೆನೋ ಅವರಿಗೆ ತಿಳಿಯಲಿಲ್ಲ. ನೆಂಟರು ಮುಖ ಮುಖ ನೋಡಿಕೊಂಡರು.

“ಎರಡು ಮೊಳ ಸಾಕು ಕಣಮ್ಮ,” ಎಂದು ಯಾರೋ ಹೂವಿಗೆ ಕೈಚಾಚಿದರು. ಬೆಟ್ಟಮ್ಮ ಕೇಳಿಸಿಕೊಳ್ಳಲಿಲ್ಲ. ಜೀವಮಾನವೆಲ್ಲ ಮೊಣಕೈಗೆ ಹಿಡಿದು ಅಳೆದು ಕೊಟ್ಟವಳು, ಇಡೀ ಬುಟ್ಟಿಯ ಮಲ್ಲಿಗೆಯನ್ನು ಅಳೆಯದೆ ಚನ್ನಬಸವಯ್ಯನವರ ಕೊರಳಿಗೆ ಸುತ್ತುತ್ತಲೇ ಹೋದಳು.