ಶಾಸಕರು ಬರುವ ತನಕ

ಲಾಭುಬೆನ್ ಮೂರನೇ ಸಲ ಫ್ಯಾನ್ ಆರಿಸಿದರು. ಸತ್ತವರ ಕಣ್ಣು ಗಾಳಿಗೆ ಒಣಗುತ್ತದೆ ಎಂಬುದು ಉಪಲೇಟಾದ ಅರ್ಧ ಊರಿಗೆ ಗೊತ್ತು. ಅದನ್ನು ಮನೆಮನೆಗೆ ಹೋಗಿ ಹೇಳಿದವರೇ ಈಗ ನೆಲದ ಮೇಲೆ ಮಲಗಿದ್ದರು. ಮೂವತ್ತೆಂಟು ವರ್ಷ ಬಡವರ ಕಣ್ಣಿನ ಪೊರೆ ತೆಗೆದ ಡಾಕ್ಟರ್ ಪ್ರಾಣಜೀವನ ವಸಾವಡಾ ಬೆಳಗ್ಗೆ ಆರಕ್ಕೆ ತೀರಿಕೊಂಡಿದ್ದರು.

"ಸೆಕೆ, ಲಾಭುಬೆನ್," ಎಂದು ಅಳಿಯನೊಬ್ಬ ಮತ್ತೆ ಗುಂಡಿ ಒತ್ತಿದ. ಮನೆಯಲ್ಲಿ ಹೆಣವಿದ್ದರೂ ಅವನಿಗೆ ತನ್ನ ಬೆವರೇ ದೊಡ್ಡದು.

ಲಾಭುಬೆನ್ ಡಾಕ್ಟರರ ಹಳೆಯ ನರ್ಸ್. ಪಕ್ಕದಲ್ಲಿ ಮಂಜುಗಡ್ಡೆ ತುಂಬಿದ ಡಬ್ಬಿ, ಕೈಯಲ್ಲಿ ನೇತ್ರದಾನದ ಒಪ್ಪಿಗೆ ಪತ್ರ. ಆರು ತಾಸಿನೊಳಗೆ ಕಣ್ಣು ತೆಗೆಯಬೇಕು. ಡಾಕ್ಟರ್ ಬರೆದಿಟ್ಟಿದ್ದರೂ ಮಗನ ಸಹಿ ಬೇಕು. ಸೀರೆಗೆ ಬಣ್ಣ ಹಾಕುವಾಗ ಕಾಸ್ಟಿಕ್ ಸೋಡಾ ಸಿಡಿದು ಕುರುಡಿಯಾದ ರಂಭಾ ಆಸ್ಪತ್ರೆಯಲ್ಲಿ ಈ ಕಣ್ಣಿನ ಆಪರೇಷನ್‌ಗೆಂದು ಉಪವಾಸ ಕೂತಿದ್ದಳು.

"ನಿಶೀಥ್, ಹನ್ನೊಂದಾಯ್ತು. ಒಂದು ಸಹಿ ಹಾಕಪ್ಪ."

"ಭೂಪತ್‌ಭಾಯ್ ಬರ್ತಿದ್ದಾರೆ ಮಾಸಿ. ಶಾಸಕರ ಎದುರಿಗೇ ಹಾಕಿದ್ರೆ ಪೇಪರ್‌ನಲ್ಲಿ ಬರುತ್ತೆ. ಜನಕ್ಕೂ ಪ್ರೇರಣೆ."

"ಪ್ರೇರಣೆ ಸಂಜೆ ಕೊಡು. ಕಣ್ಣು ಈಗ ಕೊಡು."

"ಅಪ್ಪನ ವಿಷಯ ನಂಗೆ ಬಿಡಿ."

ಅಪ್ಪ ಪುಕ್ಕಟೆ ನೋಡಿ ಕಳಿಸಿದವರಿಗೆ ದುಬಾರಿ ಕನ್ನಡಕ ಮಾರಿ ಬೆಳೆದವನು ನಿಶೀಥ್. ಈಗ ನಗರಸಭೆಯ ಟಿಕೆಟ್ ಬೇಕಿತ್ತು.

*

ಹಿಂದೊಮ್ಮೆ ತರಕಾರಿ ಮಾರುವ ಕಾಂಜಿ ಸತ್ತಾಗಲೂ ಮಕ್ಕಳು, ಮುಂಬೈಯಿಂದ ಮಾವ ಬರಲಿ ಎಂದು ಹಟ ಹಿಡಿದಿದ್ದರು. ಅರ್ಧ ಊಟಕ್ಕೇ ಎದ್ದುಬಂದಿದ್ದ ವಸಾವಡಾ ಹೊಸ್ತಿಲಲ್ಲೇ ಗದರಿದ್ದರು: "ಮಾವ ಬಂದು ಏನ್ ಮಾಡ್ತಾನೆ? ಅಳ್ತಾನೆ. ಸಂಜೆ ಅಳ್ಲಿ. ನಿಮ್ಮಪ್ಪ ಕಾಯ್ತಾನೆ, ಕಣ್ಣು ಕಾಯಲ್ಲ."

ಓದು ಬಾರದ ಆ ಮಕ್ಕಳು ಹೆಬ್ಬೆಟ್ಟು ಒತ್ತಿದ್ದರು. ಅದೇ ವಾರ ಇಬ್ಬರಿಗೆ ಕಣ್ಣು ಬಂತು.

*

ಶಾಸಕರು ಬಂದಾಗ ಒಂದೂಕಾಲು. ಹೆಣಕ್ಕೆ ಹಾರ ಹಾಕಿ, "ಸಾಹೇಬರು ಕಣ್ಣು ಕೊಟ್ಟು ಅಮರರಾದರು," ಎಂದರು. ನಿಶೀಥ್ ಕ್ಯಾಮೆರಾ ನೋಡುತ್ತ ಸಹಿ ಹಾಕಿದ.

ಲಾಭುಬೆನ್ ಡಾಕ್ಟರರ ರೆಪ್ಪೆಗಳ ಮೇಲೆ ಇಟ್ಟಿದ್ದ ಒದ್ದೆ ಹತ್ತಿ ಮುಟ್ಟಿದರು. ಫ್ಯಾನಿನ ಗಾಳಿಗೆ ಹತ್ತಿಯೂ ಒಣಗಿತ್ತು. ರೆಪ್ಪೆ ಎತ್ತಿ ಟಾರ್ಚ್ ಬಿಟ್ಟರೆ ಒಳಗೆಲ್ಲ ಮಸುಕು.

"ಇನ್ನು ಆಗಲ್ಲ," ಎಂದರು.

"ಡಬ್ಬಿ ಎತ್ತಿ ಹಿಡ್ಕೊಳ್ಳಿ ಮಾಸಿ," ನಿಶೀಥ್ ಪಿಸುಗುಟ್ಟಿದ. "ಒಳಗೆ ಕಣ್ಣಿಲ್ಲ ಅಂತ ಫೋಟೋದಲ್ಲಿ ಕಾಣಲ್ಲ."

ಲಾಭುಬೆನ್‌ಗೆ ಹೇಸಿಗೆಯಾಯಿತು. ಡಬ್ಬಿ ಎತ್ತಿಕೊಂಡು ಎಲ್ಲರನ್ನೂ ದಾಟಿ ಹೊರಗೆ ಬಂದರು. ಹೋಗಿ ರಂಭಾಗೆ ಊಟ ಮಾಡು ಎನ್ನಬೇಕಿತ್ತು. ಮೆಟ್ಟಿಲ ಕೆಳಗೆ ಶಾಸಕರ ಹೊಸ ಬೂಟುಗಳನ್ನು ಯಾರೋ ಜೋಡಿಸಿಟ್ಟಿದ್ದರು. ಲಾಭುಬೆನ್ ಮುಚ್ಚಳ ತೆಗೆದು, ಕರಗಿದ ನೀರನ್ನು ಮೊದಲು ಎಡದ ಬೂಟಿಗೆ, ಆಮೇಲೆ ಬಲದ್ದಕ್ಕೆ, ತುಂಬುವ ತನಕ ಸುರಿದರು.