ಕೊಬ್ಬರಿ ಮಾರದ ಅಂಗಡಿ

ಹೊಸದುರ್ಗದ ಪೇಟೆ ಬೀದಿಯಲ್ಲಿ ಕೊಬ್ಬರಿ ಮಾರದ ಕಿರಾಣಿ ಅಂಗಡಿ ಒಂದೇ ಒಂದಿತ್ತು. ಅದು ದಾಕ್ಷಾಯಣಮ್ಮನದು. ಎತ್ತ ನೋಡಿದರೂ ತೆಂಗಿನ ತೋಟ, ಮನೆಮನೆಯ ಅಟ್ಟದಲ್ಲೂ ಒಣಗುವ ಕೊಬ್ಬರಿ. ಅಂಥ ಊರಿನಲ್ಲಿ ಇಂಥ ಅಂಗಡಿ ಎಂದರೆ ನಗದವರು ಯಾರು? ಕೇಳಿದವರಿಗೆ ಆಕೆ "ಇಲಿ ಕಾಟ" ಎಂದುಬಿಡುತ್ತಿದ್ದಳು. ಬೆಲ್ಲದ ಮೂಟೆ ಮುಟ್ಟದ ಇಲಿ ಕೊಬ್ಬರಿಗೆ ಮಾತ್ರ ಎಲ್ಲಿಂದ ಬರುತ್ತದೋ ಎಂದು ಜನ ತಮ್ಮೊಳಗೇ ಆಡಿಕೊಳ್ಳುತ್ತಿದ್ದರು. ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಯಾಕೆಂದರೆ ದಾಕ್ಷಾಯಣಮ್ಮ ಸಾಮಾನ್ಯ ಹೆಂಗಸಲ್ಲ ಎಂದು ಊರು ತೀರ್ಮಾನಿಸಿತ್ತು. ಮಾರಿಕಣಿವೆಯಲ್ಲಿ ಅಣೆಕಟ್ಟೆ ಕೆಲಸ ಶುರುವಾದ ಹೊಸದರಲ್ಲಿ ಆಕೆಯ ಐದು ವರ್ಷದ ಮಗ ಮುರುಗಪ್ಪ ಜ್ವರ ಬಂದು ತೀರಿಕೊಂಡ. ಗಂಡ ಅದಕ್ಕೂ ಮುಂಚೆಯೇ ಹೋಗಿದ್ದ. ಬೆಳಿಗ್ಗೆ ಮಗನಿಗೆ ಮಣ್ಣು ಕೊಟ್ಟು ಬಂದವಳು ಮಧ್ಯಾಹ್ನ ಅಂಗಡಿ ತೆಗೆದು ತಕ್ಕಡಿ ಹಿಡಿದಳು. ಅಳಲಿಲ್ಲ. ಲಿಂಗವಂತರಲ್ಲಿ ಸಾವಿಗೆ ಸೂತಕವಿಲ್ಲ, ಸತ್ತವರು ಲಿಂಗೈಕ್ಯರಾದರು ಎನ್ನುತ್ತಾರೆ. ಸೂತಕವಿಲ್ಲ ಎಂದರೆ ಸಂಕಟವೂ ಇರಬಾರದು ಎಂದು ಯಾವ ಶರಣರೂ ಹೇಳಿದವರಲ್ಲ. ಆದರೆ ಆಕೆಯ ಭಾವ, ಅಂದರೆ ಗಂಡನ ಅಣ್ಣ ರೇವಣಸಿದ್ದಪ್ಪ, ಹಾಗೇ ತಿಳಿದುಕೊಂಡ, ಊರಿಗೂ ಹಾಗೇ ತಿಳಿಸಿದ. ಯಾರ ಮನೆಯಲ್ಲಿ ಸಾವಾದರೂ ಮೊದಲು ಹೋಗಿ ಕುಳಿತು ಒಂದೇ ಮಾತು ಹೇಳುತ್ತಿದ್ದ.

"ನಮ್ಮ ದಾಕ್ಷಾಯಣಿನ ನೋಡಿ ಕಲೀರಿ. ಮಗ ಹೋದ್ರೂ ಕಣ್ಣು ಒದ್ದೆ ಆಗ್ಲಿಲ್ಲ. ಭಕ್ತಿ ಅಂದ್ರೆ ಅದು."

ಭಕ್ತಿ ಅಂತೆ! ಆಕೆ ಮಗನ ಸಮಾಧಿ ಇದ್ದ ಹೊಲದ ದಾರಿ ಬಿಟ್ಟು ಕೆರೆ ಏರಿ ಬಳಸಿ ಓಡಾಡುತ್ತಿದ್ದುದು ಆ ಮಹಾನುಭಾವನ ಕಣ್ಣಿಗೆ ಬೀಳಲಿಲ್ಲ. ಎದೆಯಲ್ಲಿ ಸಂಕಟ ಎದ್ದಾಗಲೆಲ್ಲ ಆಕೆ ಒಂದು ಕೆಲಸ ಹುಡುಕಿಕೊಳ್ಳುತ್ತಿದ್ದಳು. ಗೋಡೆಗೆ ಸುಣ್ಣ ಬಳಿಸುವಳು, ಗಟ್ಟಿಯಾಗಿದ್ದ ಬೇಲಿ ಕಿತ್ತು ಹೊಸದು ಹಾಕಿಸುವಳು. ಮಗಳು ಶಿವಗಂಗಮ್ಮ ನಕ್ಕರೆ ಥೇಟ್ ತಮ್ಮನ ಮುಖ. ಅದನ್ನು ನೋಡಲಾರದೆ ಆ ಹುಡುಗಿಯನ್ನು ಆದಿವಾಲದ ಸೋದರತ್ತೆಯ ಮನೆಗೆ ಸಾಗಹಾಕಿದಳು. ಮಗಳು ಅಲ್ಲೇ ಬೆಳೆದಳು, ಅಲ್ಲಿಂದಲೇ ಮದುವೆಯಾದಳು.

ಈಗ ಕಟ್ಟೆ ಮುಗಿದು ಕಣಿವೆಯಲ್ಲಿ ನೀರು ನಿಂತಿತ್ತು. ಚೊಚ್ಚಲ ಬಸುರಿ ಶಿವಗಂಗಮ್ಮ ಹೆರಿಗೆಗೆಂದು ತವರಿಗೆ ಬಂದಳು. ಬಂದ ದಿನವೇ ಅಡುಗೆಮನೆ ಬಾಗಿಲಲ್ಲಿ ಕುಳಿತು ಬಯಕೆ ಹೇಳಿಕೊಂಡಳು.

"ಅವ್ವಾ, ಕೊಬ್ಬರಿ ಬೆಲ್ಲ ತಿನ್ನಂಗಾಗೈತೆ ಕಣವ್ವ."

ದಾಕ್ಷಾಯಣಮ್ಮ ಕೈಲಿದ್ದ ಮೊರ ಕೆಳಗಿಟ್ಟು ಎದ್ದಳು. ಹಿತ್ತಿಲಿಗೆ ಹೋಗಿ ಗಾಡಿ ಹೊಡೆಯುವ ಕಾಟಯ್ಯನಿಗೆ "ನಾಳೆ ಆದಿವಾಲಕ್ಕೆ ಗಾಡಿ ಕಟ್ಟು" ಎಂದಳು. ಒಳಗೆ ಬಂದು ಮಗಳ ಮುಖ ನೋಡದೆ ಹೇಳಿದಳು. "ಬಾಣಂತನ ನಿಮ್ಮತ್ತೆ ಹತ್ರಾನೇ ಆಗ್ಲಿ. ಇಲ್ಲಿ ಅಂಗಡಿ ಗಲಾಟೆ."

ಶಿವಗಂಗಮ್ಮ ಅಳಲಿಲ್ಲ. ಅವಳೂ ಅದೇ ತಾಯಿಯ ಮಗಳು.

"ಆವಾಗ ಕಳಿಸ್ದೆ, ಸಣ್ಣೋಳಿದ್ದೆ, ಕೇಳ್ಲಿಲ್ಲ. ಈಗ ಕೇಳ್ತೀನಿ. ಸತ್ತೋನಿಗೆ ಅಳ್ಲಿಲ್ಲ, ಬದುಕಿರೋಳ್ನ ಇಟ್ಕಳ್ಲಿಲ್ಲ. ಏನವ್ವಾ ನೀನು? ಈ ಸಲ ಗಾಡಿ ಹತ್ತಿದ್ರೆ ನಾನು ತಿರುಗಿ ಬರಾಕಿಲ್ಲ. ಮೊಮ್ಮಗಿನ ಮುಖನೂ ನೀನು ನೋಡಾಕಿಲ್ಲ. ಇಲ್ಲೇ ಇರು ಅಂತ ನೀನು ಬಾಯ್ಬಿಟ್ಟು ಹೇಳೋ ತನಕ ನನ್ನ ಬಟ್ಟೆ ಗಂಟು ಬಿಚ್ಚಲ್ಲ."

ಮಾರನೆಯ ದಿನ ಗಾಡಿ ಬಂದು ನಿಂತಿತು. ಹತ್ತಿದವಳು ಮಾತ್ರ ದಾಕ್ಷಾಯಣಮ್ಮ. "ಆದಿವಾಲಕ್ಕೆ ಬ್ಯಾಡ, ಹಾಲುರಾಮೇಶ್ವರಕ್ಕೆ ಹೊಡಿ" ಎಂದಳು.

ಹಾಲುರಾಮೇಶ್ವರದಲ್ಲಿ ಗುಡಿಗಿಂತ ಈಚೆ ಒಂದು ಸಣ್ಣ ಮನೆಯಲ್ಲಿ ಚಂದ್ರಕ್ಕ ಎಂಬ ಮುದುಕಿ ಇದ್ದಳು. ಕೊರಳಿಗೆ ಲಿಂಗ ಕಟ್ಟುವ ಶಿವದಾರ ಹೊಸೆಯುವುದು ಆಕೆಯ ಕಸುಬು. ಆಕೆಗೆ ಮೈಮೇಲೆ ದೇವರು ಬರುತ್ತಿರಲಿಲ್ಲ, ಅಂತ್ರ ತಾಯಿತ ಕಟ್ಟುತ್ತಿರಲಿಲ್ಲ. ಎದೆಯಲ್ಲಿ ಏನಾದರೂ ಸಿಕ್ಕಿಹಾಕಿಕೊಂಡವರು ಬಂದು ಎದುರಿಗೆ ಕುಳಿತು ಹೇಳಬೇಕು, ಆಕೆ ದಾರ ಹೊಸೆಯುತ್ತ ಕೇಳಬೇಕು. ಒಬ್ಬರೇ ಒಳಗೆ ಬರಬೇಕು, ಜೊತೆಗಾರರು ಹೊರಗೆ. ಬಂದವರಲ್ಲಿ ಅರ್ಧ ಜನ ಮುದುಕಿಯನ್ನು ಬೈದುಕೊಂಡು ಎದ್ದುಹೋಗುತ್ತಿದ್ದರು.

"ಮಗಳ್ನ ಮನೇಲಿಟ್ಕಳ್ಳಾಕೆ ಆಗ್ತಿಲ್ಲ. ಏನಾದ್ರೂ ಮಾಡ್ರಿ" ಎಂದಳು ದಾಕ್ಷಾಯಣಮ್ಮ. "ಆದ್ರೆ ಲಿಂಗೈಕ್ಯ, ಅಳಬಾರ್ದು, ಅದು ಇದು ಅಂತ ನಂಗೆ ಹೇಳಬ್ಯಾಡ್ರಿ. ಕೇಳಿ ಕೇಳಿ ಕಿವಿ ತೂತಾಗೈತೆ."

"ನಾನ್ಯಾಕೆ ಹೇಳ್ಲಿ? ಹೇಳಾಕೆ ಬಂದೋಳು ನೀನು. ಮಗ ಹೋದ ದಿನ ಬೆಳಿಗ್ಗೆಯಿಂದ ಹೇಳು."

"ಮಗನ ಸುದ್ದಿ ನಾನು ಎತ್ತೇ ಇಲ್ವಲ್ಲ!"

"ನಿಮ್ಮ ಭಾವ ನಿನ್ನ ಕತೆನ ಇಲ್ಲೀ ತನಕ ಹೊತ್ಕಂಡು ಬಂದವ್ನೆ. ಹೇಳು."

ಹೇಳಿದಳು. ಯಾರು ಮೊದಲು ಬಂದರು, ಯಾರು ಹೂ ತಂದರು, ಎಲ್ಲವನ್ನೂ ಹೇಳಿದಳು. ಮಗನಿಗೆ ವಿಭೂತಿ ಹಚ್ಚಿ ಗೋಡೆಗೆ ಒರಗಿಸಿ ಕೂರಿಸಿದರು ಎನ್ನುವಲ್ಲಿಗೆ ಬಂದು, ಆ ವರ್ಷ ಬೆಲ್ಲ ಎಷ್ಟು ತುಟ್ಟಿಯಾಗಿತ್ತು ಎಂದು ಶುರು ಮಾಡಿದಳು.

"ಬೆಲ್ಲ ಬ್ಯಾಡ" ಎಂದಳು ಚಂದ್ರಕ್ಕ. "ಮಗನ್ನ ಕೂರಿಸಿದ್ರು. ಮುಂದೆ?"

ದಾಕ್ಷಾಯಣಮ್ಮ ಸೆರಗು ಕೊಡವಿ ಎದ್ದು ಬಂದಳು. ಇನ್ನು ಈ ಕಡೆ ತಲೆ ಹಾಕಿಯೂ ಮಲಗುವುದಿಲ್ಲ ಎಂದು ದಾರಿಯುದ್ದಕ್ಕೂ ಕಾಟಯ್ಯನ ಎತ್ತುಗಳಿಗೆ ಕೇಳುವಂತೆ ಗೊಣಗಿದಳು. ಮನೆಗೆ ಬಂದರೆ ಮೂಲೆಯಲ್ಲಿ ಮಗಳ ಗಂಟು ಕಟ್ಟಿದಂತೆಯೇ ಕೂತಿತ್ತು. "ಇನ್ನೊಂದು ವಾರ ತಾಳು" ಎಂದಳು. ಸೋಮವಾರ ಮತ್ತೆ ಹೋದಳು. ಮತ್ತೆ ಅದೇ ಜಾಗದಲ್ಲಿ ಮಾತು ನಿಂತಿತು. ಅದರ ಮುಂದಿನ ವಾರ ಹೋಳಿಗೆಯ ಬುಟ್ಟಿ ಒಯ್ದಳು, ತಿಂದಾದರೂ ಮುದುಕಿ ಸುಮ್ಮನಾಗಲಿ ಎಂದು. ಚಂದ್ರಕ್ಕ ಅದನ್ನು ಹೊರಗೆ ಕಾಯುತ್ತಿದ್ದವರಿಗೆ ಹಂಚಿಸಿ ಬಂದು ಕುಳಿತಳು.

"ಮುಂದೆ?"

"ಏನ್ ಹೆಂಗಸ್ರೀ ನೀವು! ಕರುಳಿಲ್ವಾ ನಿಮಗೆ?" ಎಂದು ದಾಕ್ಷಾಯಣಮ್ಮ ಕಿರುಚಿದಳು.

"ಬಯ್ಯಿ, ಪರವಾಗಿಲ್ಲ. ಬಾಗಿಲ ತನಕ ಬರ್ತೀಯ, ಪಕ್ಕಕ್ಕೆ ತಿರುಗ್ತೀಯ. ಇಷ್ಟು ದಿನ ಅದನ್ನೇ ಮಾಡಿದೀಯ. ಮುಂದಿನ ಸೋಮವಾರ ಬಾ."

ಅಷ್ಟರಲ್ಲಿ ಸುದ್ದಿ ರೇವಣಸಿದ್ದಪ್ಪನಿಗೆ ಮುಟ್ಟಿತು. ಸೋಮವಾರ ಸೋಮವಾರ ಗುಡಿಗೆ ಹೋಗುತ್ತಾಳೆ ಎಂದು ಹೊಗಳಿಕೊಂಡು ತಿರುಗುತ್ತಿದ್ದವನು ಅಂಗಡಿಗೆ ಬಂದು ಕೆಂಡ ಕಾರಿದ.

"ಸತ್ತೋರ್ನ ಕೆದಕಿ ಅಳಿಸೋ ಮುದುಕಿ ಹತ್ರ ಹೋಗ್ತೀಯಂತೆ! ಊರಿಗೆಲ್ಲ ನಿನ್ನ ಹೆಸರು ಹೇಳ್ಕಂಡು ಬಂದೀನಿ ನಾನು. ಇನ್ನ ಹೋಗಕೂಡದು."

"ಹೇಳ್ಕಂಡು ಬಂದೋರು ನೀವು ಭಾವ. ಹೇಳ್ರಿ ಅಂತ ನಾನೇನು ಕೇಳಿದ್ನಾ?"

ಅದುವರೆಗೆ ಹಿತ್ತಿಲ ಓಣಿಯಲ್ಲಿ ಹೋಗುತ್ತಿದ್ದ ಗಾಡಿ ಆ ಸೋಮವಾರ ಪೇಟೆ ಬೀದಿಯಲ್ಲಿ, ಭಾವನ ಮನೆ ಮುಂದೆಯೇ, ಹಾಡಹಗಲು ಗಂಟೆ ಸದ್ದು ಮಾಡುತ್ತ ಹೋಯಿತು. ದಾಕ್ಷಾಯಣಮ್ಮ ತಲೆ ಎತ್ತಿ ಕುಳಿತಿದ್ದಳು.

"ಮಗನ್ನ ಕೂರಿಸಿದ್ರು" ಎಂದು ಅವಳೇ ಶುರು ಮಾಡಿದಳು. "ಎಡಗೈಯಾಗೆ ಲಿಂಗ ಇಡಬೇಕು. ಮುಷ್ಟಿ ಬಿಚ್ಚಲಿಲ್ಲ. ಅಯ್ಯನೋರು, ತಾಯಿ ಬಿಚ್ಚಲಿ ಅಂದ್ರು. ಒಂದೊಂದೇ ಬೆರಳು ಬಿಚ್ಚಿದೆ. ಒಳಗೆ ಕೊಬ್ಬರಿ ಚೂರಿತ್ತು. ಹಿಂದಿನ ದಿನ ಜ್ವರದಾಗೆ ಹಟ ಮಾಡಿ ಇಸ್ಕಂಡಿದ್ದ. ತಿನ್ನಾಕಾಗಿರ್ಲಿಲ್ಲ, ಬರೀ ಹಲ್ಲಿನ ಗುರುತು ಬಿದ್ದಿತ್ತು. ಭಾವ ಕೈ ಚಾಚಿದ, ಎಂಜಲು, ಇಲ್ಲಿ ಕೊಡು, ಬಿಸಾಕ್ತೀನಿ ಅಂತ. ನನ್ನ ಮಗನ ಬಾಯಿಂದ ಬಂದಿದ್ದನ್ನ ಬಿಸಾಕ್ತಾನಂತೆ! ಬಾಯಿಗೆ ಹಾಕ್ಕಂಬಿಟ್ಟೆ. ನುಂಗಾಕೂ ಆಗ್ಲಿಲ್ಲ, ಉಗಿಯಾಕೂ ಆಗ್ಲಿಲ್ಲ. ಮಣ್ಣು ಮುಚ್ಚೋ ತನಕ ಬಾಯಾಗೇ ಇತ್ತು. ಬಾಯಿ ತೆಗೆದ್ರೆ ಬಿದ್ದೋಗ್ತೈತೆ ಅಂತ ತೆಗೀಲಿಲ್ಲ. ಜನ ನೋಡಿ, ಎಂಥ ಗಟ್ಟಿ ಹೆಂಗಸು ಅಂದ್ರು."

ಚಂದ್ರಕ್ಕನ ಕೈಲಿದ್ದ ದಾರ ನಿಂತಿತು. ಅದನ್ನು ಆಕೆ ಪಕ್ಕಕ್ಕಿಟ್ಟಳು. ಆಮೇಲೆ ದಾಕ್ಷಾಯಣಮ್ಮನ ಕೈ ಹಿಡಿದು ಎಬ್ಬಿಸಿದಳು.

"ನಂಗೆ ಹೇಳಿದ್ದಾತು. ಇನ್ನ ಕೇಳಬೇಕಾದೋಳು ನಿನ್ನ ಮನೇಲವ್ಳೆ. ಅವಳೂ ತಮ್ಮನ್ನ ಕಳ್ಕಂಡೋಳೇ. ಅವಳ ಮುಂದೆ ಹೇಳು ಹೋಗು."

ವಾಪಸು ಬರುವಾಗ ದಾಕ್ಷಾಯಣಮ್ಮ ಪೇಟೆಯ ಬೇರೆ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಒಂದು ಕೊಬ್ಬರಿ ಬಟ್ಟಲು ಕೊಂಡಳು. ಮಾರುವವನು ಬಾಯಿ ಬಿಟ್ಟುಕೊಂಡು ನೋಡಿದ. ಒಳಗೆ ಹೋಗದೆ ತನ್ನ ಅಂಗಡಿಯ ಜಗುಲಿಯ ಮೇಲೇ ಕುಳಿತು ಮಗಳನ್ನು ಕರೆದಳು. ಕೊಬ್ಬರಿ ಹೋಳು ಮಾಡುತ್ತ, ಹಲ್ಲಿನ ಗುರುತನ್ನೂ ಬಿಡದೆ, ಎಲ್ಲವನ್ನೂ ಹೇಳಿದಳು. ಮಗಳ ಕೈಗೆ ಒಂದು ಚೂರು, ಬೆಲ್ಲದ ಜೊತೆ. ತನ್ನ ಬಾಯಿಗೆ ಒಂದು ಚೂರು. ಜಗಿದಳು. ರುಚಿ ನಾಲಿಗೆಗೆ ಹತ್ತಿದ್ದೇ ತಡ, ಇಷ್ಟು ವರ್ಷ ಎಲ್ಲಿ ಅಡಗಿತ್ತೋ ಆ ಅಳು ಹೊರಗೆ ಬಂತು. ಸೆರಗು ಮುಚ್ಚಿಕೊಂಡು ಅಳುವ ಅಳುವಲ್ಲ. ಬೀದಿ ತಿರುಗಿ ನೋಡುವಂಥ ಅಳು. ಶಿವಗಂಗಮ್ಮ ತಾಯಿಯ ಕೊರಳಿಗೆ ಬಿದ್ದು ತಾನೂ ಅತ್ತಳು.

ರೇವಣಸಿದ್ದಪ್ಪ ಓಡಿ ಬಂದ. "ಏನಿದು ದಾಕ್ಷಾಯಣಿ! ಬಸುರಿ ಮುಂದೆ ಹಿಂಗಾ? ಜನ ನೋಡ್ತಾವ್ರೆ, ಬಾಯಿ ಮುಚ್ಚು!"

ದಾಕ್ಷಾಯಣಮ್ಮ ಎದ್ದು ನಿಂತಳು. ಕಣ್ಣು ಒರೆಸಿಕೊಳ್ಳಲಿಲ್ಲ.

"ಮುಚ್ಚಲ್ಲ. ನೋಡ್ಲಿ. ಆವತ್ತು ನಾನು ಗಟ್ಟಿ ಇರ್ಲಿಲ್ಲ ಭಾವ. ನೀವು ಬಿಸಾಕ್ತೀನಿ ಅಂದ ಕೊಬ್ಬರಿ ನನ್ನ ಬಾಯಾಗಿತ್ತು, ಅದಕ್ಕೆ ಅಳ್ಲಿಲ್ಲ. ಊರಿಗೆಲ್ಲ ಹೇಳ್ಕಂಡು ಬಂದ್ರಲ್ಲ, ಇದನ್ನೂ ಹೋಗಿ ಹೇಳ್ರಿ."

ಆಮೇಲೆ ಮಗಳ ಕಡೆ ತಿರುಗಿ, ಬಾಯಿಬಿಟ್ಟು, "ಇಲ್ಲೇ ಇರವ್ವಾ" ಎಂದಳು. ಶಿವಗಂಗಮ್ಮ ಕೈಗೆ ಅಂಟಿದ್ದ ಬೆಲ್ಲ ನೆಕ್ಕಿಕೊಂಡು ಒಳಗೆ ಹೋಗಿ ಗಂಟು ಬಿಚ್ಚಿದಳು.