ಹಿಂದಿನದಕ್ಕೆ ಬೇರೆ ಎಣ್ಣೆ

ಎಣ್ಣೆಯ ವಿಷಯದಲ್ಲಿ ಸಿದ್ದಲಿಂಗೇಶನಿಗೆ ಗೊತ್ತಿದ್ದದ್ದು ಎರಡೇ: ಶೇಂಗಾ ಎಣ್ಣೆ, ಕುಸುಬಿ ಎಣ್ಣೆ. ಗದಗದ ಕಡೆಯವನು, ಕಂಪ್ಯೂಟರ್ ಓದಿದವನು. ಎರಡು ಸಾವಿರದ ಎರಡರಲ್ಲಿ ಜರ್ಮನಿಯ ಗ್ರೀನ್ ಕಾರ್ಡ್ ಹಿಡಿದು ಹೆಂಡತಿ ಸೌಭಾಗ್ಯಳ ಜೊತೆ ನ್ಯೂರೆಂಬರ್ಗಿಗೆ ಬಂದು, ಊರಾಚೆಯ ಒಂದು ಸಣ್ಣ ಕಂಪನಿಯಲ್ಲಿ ಗಾಡಿಗಳ ಬಿಸಿ ಅಳೆಯುವ ಪ್ರೋಗ್ರಾಮ್ ಬರೆಯುತ್ತಿದ್ದ. ಅಂಥವನಿಗೆ ಮಾಲೀಕರು ಒಂದು ದಿನ, "ಪರೀಕ್ಷೆ ನಿಮ್ಮದು, ಎಣ್ಣೆಯನ್ನೂ ನೀವೇ ಆರಿಸಿ" ಎಂದುಬಿಟ್ಟರು. ನಾಲ್ಕೂ ಗಾಲಿಗೆ ಎಂಜಿನ್ನಿನ ಬಲ ಹೋಗುವ ಹೊಸ ಜೀಪು ಬಂದು ನಿಂತಿತ್ತು. ಗಾಲಿಗಳಿಗೆ ಬಲ ಹಂಚುವ ಅದರ ಎರಡೂ ಡಿಫರೆನ್ಷಿಯಲ್‌ಗಳಿಗೆ ಸಿಂಥೆಟಿಕ್ ಗೇರ್ ಎಣ್ಣೆ ಬೇಕಿತ್ತು.

ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಅವನ ಆರು ತಿಂಗಳ ಪ್ರೋಬೆತ್ಸೈಟ್, ಅಂದರೆ ಪ್ರೊಬೇಷನ್, ಮುಗಿಯಲು ಇನ್ನು ಎರಡೇ ವಾರ ಉಳಿದಿತ್ತು. ಅಷ್ಟರೊಳಗೆ ಕಂಪನಿ ಬೇಡ ಎಂದರೆ ಕೆಲಸ ಹೋಯಿತು, ಕೆಲಸದ ಹಿಂದೆಯೇ ಗಂಟುಮೂಟೆ. ಪಕ್ಕದ ಬೀದಿಯ ಇಬ್ಬರು ಹಾಗೇ ಕೆಲಸ ಕಳೆದುಕೊಂಡು ಆಗಲೇ ಊರಿಗೆ ವಿಮಾನ ಹತ್ತಿದ್ದರು. ಹಾಗಾಗಿ ತಲೆಯಾಡಿಸಿ ಹೊರಗೆ ಬಂದವನೇ ಹಾಲಸಿದ್ದಪ್ಪನಿಗೆ ಫೋನ್ ಹಚ್ಚಿದ. ಹಾಲಸಿದ್ದಪ್ಪ ಕಾಲೇಜಿನಲ್ಲಿ ಅವನಿಗಿಂತ ನಾಲ್ಕು ವರ್ಷ ಮುಂದಿದ್ದವನು, ಈಗ ಹ್ಯಾನೋವರ್‌ನಲ್ಲಿ ಗೇರ್‌ಬಾಕ್ಸ್ ಇಂಜಿನಿಯರ್.

"ಅಣ್ಣಾರ, ಹಿಂದಿನ ಗಾಡಿಗೆ ಎಲ್‌ಎಸ್ ಅನ್ನೋ ಎಣ್ಣಿ ಹಾಕಿದ್ರಂತ ಫೈಲಿನಾಗ ಐತಿ. ಈಗ ನಾಕೂ ಗಾಲಿ ಎಳಿಯೋ ಹೊಸಾ ಗಾಡಿ ಬಂದೈತಿ. ಡಿಫರೆನ್ಷಿಯಲ್‌ಗೆ ಏನ್ ಹಾಕ್ಲಿ?"

ಹಾಲಸಿದ್ದಪ್ಪ ಟ್ರಾಮಿನಲ್ಲಿದ್ದ, ಅರ್ಧ ಮಾತು ಗಾಳಿಗೆ ಹೋಗುತ್ತಿತ್ತು. "ಎಪ್ಪತ್ತೈದು ಡಬ್ಲ್ಯೂ ತೊಂಬತ್ತು ನಂಬರಿನ ಎಣ್ಣಿ ತಗೋ. ಹಿಂದಿನದಕ್ಕ ಎಲ್‌ಎಸ್ ಬೇಕ ಬೇಕು ತಮ್ಮಾ. ಮುಂದಿನದಕ್ಕ ಸಾದಾ ಸಾಕು."

ಹಿಂದಿನದು ಅಂದರೆ ಹೋದ ವರ್ಷದ ಗಾಡಿ, ಅದು ಮಾರಿ ಹೋಗಿತ್ತು. ಮುಂದಿನದು ಅಂದರೆ ಈಗ ಬಂದದ್ದು. ಸಿದ್ದಲಿಂಗೇಶ ನಿಶ್ಚಿಂತೆಯಿಂದ ಹೊಸ ಗಾಡಿಯ ಎರಡೂ ಡಿಫರೆನ್ಷಿಯಲ್‌ಗೆ ಸಾದಾ ಎಣ್ಣೆಯನ್ನೇ ತರಿಸಿದ.

ಆ ಕಂಪನಿಯಲ್ಲೊಂದು ಪದ್ಧತಿ. ಪರೀಕ್ಷೆಯ ಎಣ್ಣೆಯನ್ನು ಹೆಸರಿಲ್ಲದ ಡಬ್ಬಿಗೆ ಸುರಿದು ಬರೀ ಅಂಕಿ ಬರೆದು ಕೊಡಬೇಕು. ಯಾವುದು ಯಾವ ಎಣ್ಣೆ ಎಂದು ಆರಿಸಿದವನಿಗೆ ಮಾತ್ರ ಗೊತ್ತು. ಡಬ್ಬಿ ತೆಗೆದುಕೊಂಡವರು ವರ್ಕ್‌ಶಾಪಿನ ಮುಖ್ಯ ಮೇಸ್ತ್ರಿ, ಮೈಸ್ಟರ್ ಹೆರ್ ಫೋಗ್ಟ್. ಮೂವತ್ತೊಂದು ವರ್ಷದಿಂದ ಅದೇ ಬೆಂಚಿನ ಮುಂದೆ ನಿಂತ ಮನುಷ್ಯ, ಈ ಗಾಡಿಯ ಆಕ್ಸಲ್ಲನ್ನು ತಮ್ಮ ಕೈಯಾರೆ ಜೋಡಿಸಿದ್ದವರು. "ಎರಡೂ ಸರಿಯಾಗಿವೆ ತಾನೆ?" ಎಂದು ಕೇಳಿದರು. "ಎಲ್ಲಾ ನೋಡಿದ್ದೇನೆ" ಎಂದ ಇವನು, ಹುಟ್ಟಿದಾಗಿನಿಂದ ಎಣ್ಣೆಯಲ್ಲೇ ಮಿಂದವನ ಹಾಗೆ.

ಮುಂದಿನ ವಾರದ ಮಂಗಳವಾರ ಗಾಡಿ ಅಂಗಳದಲ್ಲಿ ತಿರುಗುವಾಗ ಕಟಕಟ ಎಂದಿತು. ನೇರ ಹೋದರೆ ಸುಮ್ಮನಿರುತ್ತದೆ, ತಿರುಗಿಸಿದರೆ ಮೈ ಅದುರಿಸಿ ಸದ್ದು ಮಾಡುತ್ತದೆ. ಮೈಸ್ಟರ್ ಮತ್ತೊಮ್ಮೆ ಕೇಳಿದರು, ಎಣ್ಣೆ ಸರಿ ಇದೆಯೇ? ಸರಿ ಇದೆ, ಎಂದ. ಅದು ಸುಳ್ಳಾಗಿರಲಿಲ್ಲ, ಅವನು ಹಾಗೇ ನಂಬಿದ್ದ. ಮಾಲೀಕರು ಮೈಸ್ಟರ್ ಕಡೆ ನೋಡಿ, "ಹಾಗಾದರೆ ಜೋಡಣೆಯಲ್ಲೇ ಏನೋ ತಪ್ಪಾಗಿದೆ" ಎಂದರು.

ಬುಧವಾರ ಸಂಜೆ ಸೌಭಾಗ್ಯ ರೊಟ್ಟಿ ಬಡಿಯುತ್ತಿದ್ದಳು. ಇವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಗೊಣಗಿದ: "ಅಣ್ಣಾರು ಹೇಳಿದಂಗ ಮಾಡೇನಿ. ಹಿಂದಿನದಕ್ಕ ಎಲ್‌ಎಸ್, ಮುಂದಿನದಕ್ಕ ಸಾದಾ. ಮತ್ಯಾಕ ಸದ್ದ ಬರ್ತೈತಿ?"

"ಹಿಂದಿನದಂದ್ರ ಹಿಂದಿನ ಗಾಲೀದೇನ್ರೀ?" ಎಂದಳು ಅವಳು, ತಟ್ಟುವ ಕೈ ನಿಲ್ಲಿಸದೆ.

ಸಿದ್ದಲಿಂಗೇಶ ನಿಂತಲ್ಲಿಂದಲೇ ಮತ್ತೆ ಫೋನ್ ಹಚ್ಚಿದ. "ಹಿಂದಿನ ಗಾಲೀದಲ್ದ ಮತ್ತೇನೋ?" ಎಂದ ಹಾಲಸಿದ್ದಪ್ಪ. "ಹಿಂದಿನ ಡಿಫರೆನ್ಷಿಯಲ್‌ನಾಗ ಒಂದಕ್ಕೊಂದು ಹಿಡ್ಕೊಳ್ಳೋ ಪ್ಲೇಟ್ ಅದಾವು. ಎಲ್‌ಎಸ್ ಇಲ್ದ ತಿರುವಿನ್ಯಾಗ ಕಟಕಟ ಅಂತಾವು. ಎಣ್ಣಿ ಬದಲ ಮಾಡು, ಸರಿ ಆಕ್ಕೈತಿ."

"ನಾಳೆ ಹೇಳಿಬಿಡ್ರಿ" ಎಂದಳು ಸೌಭಾಗ್ಯ.

"ಶುಕ್ರವಾರ ಪರ್ಮನೆಂಟ್ ಪತ್ರ ಕೊಡ್ತಾರ. ಸೋಮವಾರ ಹೇಳ್ತೀನಿ. ನಾಕ ದಿನದಾಗ ಏನ್ ಮುಳುಗ್ತೈತಿ?"

ಗುರುವಾರ ಅವನು ಕೂತಲ್ಲಿ ಕೂರಲಿಲ್ಲ. ಕಾಫಿ ಯಂತ್ರದ ಹತ್ತಿರ ಹೋದ, ಕಾಫಿ ಮರೆತು ಬಂದ, ಮತ್ತೆ ಹೋದ. ಗಾಜಿನಾಚೆ ಮೈಸ್ಟರ್ ಆಕ್ಸಲ್ ಬಿಚ್ಚಿ ಬೆಂಚಿನ ಮೇಲೆ ಹರಡಿಕೊಂಡಿದ್ದರು. ಅಳೆದದ್ದನ್ನೇ ಅಳೆಯುತ್ತಿದ್ದರು, ಕನ್ನಡಕ ಒರೆಸಿ ಮತ್ತೆ ಅಳೆಯುತ್ತಿದ್ದರು. ಒಮ್ಮೆ ಬಲಗೈಯನ್ನು ದೀಪಕ್ಕೆ ಹಿಡಿದು ನಡುಗುತ್ತಿದೆಯೇ ಎಂದು ನೋಡಿಕೊಂಡರು. ಸಿದ್ದಲಿಂಗೇಶ ಬಾಗಿಲಿನ ಹಿಡಿಗೆ ಕೈ ಹಾಕಿದವನು ಬಿಟ್ಟು ತನ್ನ ಕುರ್ಚಿಗೆ ವಾಪಸಾದ. ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು, ಆದರೂ ಏಳಲಿಲ್ಲ.

ಶುಕ್ರವಾರ ಮಧ್ಯಾಹ್ನ ಪತ್ರ ಕೈಗೆ ಬಂತು. ಸಂಜೆ ಸೌಭಾಗ್ಯ ಅದನ್ನು ಓದಿ ಮಡಚಿ ಕೊಟ್ಟಳು. "ಹೇಳಿದ್ರೇನು?" ಎಂದು ಮಾತ್ರ ಕೇಳಿದಳು. ಶನಿವಾರ, ಭಾನುವಾರ ಎರಡೂ ದಿನ ಅವನು ಕೋಟು ಹಾಕಿಕೊಂಡು ಬೀದಿ ಸುತ್ತಿದ.

ಸೋಮವಾರ ಬೆಳಿಗ್ಗೆ ಎಲ್‌ಎಸ್ ಎಣ್ಣೆಯ ಡಬ್ಬಿ ಕೊಂಡು ನೇರ ವರ್ಕ್‌ಶಾಪಿಗೆ ನಡೆದ. ಮೈಸ್ಟರ್ ಬೆಂಚಿನ ಮುಂದೆ ನಿಂತು ತಮ್ಮ ಸ್ವಂತ ಸ್ಪ್ಯಾನರ್‌ಗಳನ್ನು ಒಂದೊಂದಾಗಿ ಪೆಟ್ಟಿಗೆಗೆ ಇಡುತ್ತಿದ್ದರು.

"ಹೆರ್ ಫೋಗ್ಟ್, ತಪ್ಪು ನಿಮ್ಮದಲ್ಲ, ನನ್ನದು. ಎಣ್ಣೆ ತಪ್ಪು. ನಮ್ಮ ಭಾಷೆಯಲ್ಲಿ ಹಿಂಬದಿಯದಕ್ಕೂ ಹಳೆಯದಕ್ಕೂ ಒಂದೇ ಮಾತು. ನಾನು ತಪ್ಪಾಗಿ ತಿಳಿದೆ."

ಅವರು ಡಬ್ಬಿಯನ್ನು ತಿರುಗಿಸಿ ಎಲ್‌ಎಸ್ ಎಂಬ ಅಕ್ಷರ ಓದಿದರು. ಮುಖದಲ್ಲಿ ಒಂದು ಗಳಿಗೆ ನಗು ಬಂತು, ಜ್ವರ ಬಿಟ್ಟವರಿಗೆ ಬರುವಂಥದ್ದು. ಆಮೇಲೆ ಕೇಳಿದರು:

"ಯಾವಾಗ ಗೊತ್ತಾಯಿತು?"

ಇವತ್ತು ಬೆಳಿಗ್ಗೆ ಎನ್ನುವ ಮಾತು ನಾಲಗೆಯ ತುದಿಯಲ್ಲೇ ಇತ್ತು. ಜರ್ಮನ್ ಭಾಷೆಯಲ್ಲಿ ಅದು ಸುಲಭದ ಮಾತು.

"ಬುಧವಾರ" ಎಂದ ಸಿದ್ದಲಿಂಗೇಶ.

ಮೈಸ್ಟರ್ ಡಬ್ಬಿಯನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟರು. "ಕೆಲಸ ಬಿಡುತ್ತೇನೆ ಎಂದು ಶುಕ್ರವಾರ ಬರೆದುಕೊಟ್ಟೆ. ಮಾಲೀಕರು ಅಲ್ಲೇ ಒಪ್ಪಿಕೊಂಡರು" ಎಂದರು. "ಬುಧವಾರ ನನಗೆ ನನ್ನ ಕೈಯ ಮೇಲೆ ಇನ್ನೂ ನಂಬಿಕೆ ಇತ್ತು."